ಅಪ್‌ಡೇಟ್: ಡ್ಯಾಶ್‌ಬೋರ್ಡಿನ ಕಟಕಟ ಸದ್ದು ನಿಂತಿತು

ಹೊಸ ಕಾರಿನ ಡ್ಯಾಶ್‌ಬೋರ್ಡ್ ಒಳಗಿಂದ ಕಟಕಟ ಸದ್ದು ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ವಾ? ಕೊನೆಗೂ ಸಿಕ್ಕಿತು! ತಮ್ಮನ ಕೈಗೆ ಸ್ಟೀರಿಂಗ್ ಕೊಟ್ಟು, ಗುಂಡಿ ಬಿದ್ದ ರಸ್ತೆಯಲ್ಲಿ 20ರ ವೇಗದಲ್ಲಿ ಓಡಿಸಲು ಹೇಳಿದೆ. ನಾನು ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಒಂದೊಂದೇ ಕಡೆ ಒತ್ತುತ್ತಾ ಬಂದೆ. ಗ್ಲೋವ್ ಬಾಕ್ಸ್ ಹತ್ತಿರ ಒತ್ತಿದಾಗ ಮಾತ್ರ ಸದ್ದು ಬದಲಾಯಿತು.

ಅದನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ, ವೈರಿನ ಕಟ್ಟೊಂದು ಕ್ಲಿಪ್ಪಿನಿಂದ ಕಳಚಿ ಜೋತಾಡುತ್ತಿತ್ತು. ಅದರ ಕನೆಕ್ಟರ್ ಪ್ಲಾಸ್ಟಿಕ್‌ಗೆ ಬಡಿದು ಬಡಿದು ಅಲ್ಲೊಂದು ಬಿಳಿ ಗೀರು ಮೂಡಿತ್ತು. ಬಟ್ಟೆ ಟೇಪ್ ಸುತ್ತಿ ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದೆ. ಮೂರು ವಾರ ಆಯಿತು, ಸದ್ದೇ ಇಲ್ಲ. ಎಷ್ಟು ನೆಮ್ಮದಿ ಗೊತ್ತಾ!

ಹಳದಿ ವೈರ್ ಕಂಡರೆ ಮಾತ್ರ ದಯವಿಟ್ಟು ಕೈ ಹಾಕಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಸರ್ವಿಸ್ ಸೆಂಟರಿನವರೇ ಮುಟ್ಟಲಿ.