ಕೇಂದ್ರದ ಅನುದಾನ, ಪೊಲೀಸ್ ವೈರ್‌ಲೆಸ್, 112 ವಾಹನ: ಬಳಕೆ ಪ್ರಮಾಣಪತ್ರದಲ್ಲಿ ಯಾವ ಅಂಕಿ ಬರೆಯಬೇಕು?

ಕೇಳಿದವರು:
ಜಿಲ್ಲೆಯ ಪೊಲೀಸ್ ವೈರ್‌ಲೆಸ್ ಜಾಲಕ್ಕೂ 112 ವಾಹನಗಳಿಗೂ ಸೇರಿಸಿ 3 ಕೋಟಿ ರೂ. ಮಂಜೂರಾಗಿದೆ. ಕೇಂದ್ರ, ರಾಜ್ಯದ ಪಾಲು 60:40. ಮೊದಲ ಕಂತು 2 ಕೋಟಿ ಯೋಜನೆಯ ಖಾತೆಗೆ ಬಂದಿದೆ, ಅಂದರೆ ಕೇಂದ್ರದ್ದು 1.20 ಕೋಟಿ, ರಾಜ್ಯದ್ದು 80 ಲಕ್ಷ. ಪಟ್ಟಿಯಲ್ಲಿರುವುದು 6 ರಿಪೀಟರ್ (ವಾಕಿಟಾಕಿಯ ಸಂಕೇತ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ), 150 ವಾಕಿಟಾಕಿ, 20 ವಾಹನಗಳಿಗೆ ಎಂಡಿಟಿ (ವಾಹನದಲ್ಲಿ ಕೂರಿಸುವ ಟ್ಯಾಬ್). ಪೂರೈಕೆ ಮತ್ತು ಅಳವಡಿಕೆಯ ಬಿಲ್ಲು 1.18 ಕೋಟಿ ಪಾಸಾಗಿದೆ. ಟವರ್ ಕಟ್ಟಲು ನಿರ್ಮಾಣ ಸಂಸ್ಥೆಗೆ 45 ಲಕ್ಷ ಮುಂಗಡ ಹೋಗಿದೆ. ಖಾತೆಯಲ್ಲಿ 39 ಲಕ್ಷ ಉಳಿದಿದೆ, ಅದರಲ್ಲಿ 2 ಲಕ್ಷ ಬಡ್ಡಿ. ಕಡತದಲ್ಲಿರುವ ಕರಡು ಯು.ಸಿ. (ಬಳಕೆ ಪ್ರಮಾಣಪತ್ರ) ವೆಚ್ಚ 1.63 ಕೋಟಿ ಎನ್ನುತ್ತದೆ, ಗುತ್ತಿಗೆದಾರರ ಲೆಡ್ಜರ್ 1.14 ಕೋಟಿ ಎನ್ನುತ್ತದೆ. ಎರಡನೇ ಕಂತು ಇದೇ ಯು.ಸಿ.ಗಾಗಿ ನಿಂತಿದೆ. ಯಾವ ಅಂಕಿ ಸರಿ? ಭೌತಿಕ ಪ್ರಗತಿಯ ಕಾಲಂ ಹೇಗೆ ತುಂಬಬೇಕು? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಲೆಕ್ಕಪತ್ರ ಅಧೀಕ್ಷಕರು:
ಕರಡಿನ 1.63 ಕೋಟಿ ತಪ್ಪು, ಹಾಗೇ ಕಳಿಸಬೇಡಿ. ಸಾಮಾನ್ಯ ಹಣಕಾಸು ನಿಯಮಗಳು 2017ರ ಪ್ರಕಾರ ಪೂರೈಕೆದಾರರಿಗೆ ಅಥವಾ ನಿರ್ಮಾಣ ಸಂಸ್ಥೆಗೆ ಕೊಟ್ಟ ಮುಂಗಡ ಆ ಹಂತದಲ್ಲಿ ವೆಚ್ಚವಲ್ಲ. ಅದನ್ನು ಬೇರೆಯಾಗಿ ತೋರಿಸಬೇಕು. ಟವರ್ ಎದ್ದು, ಅಳತೆ ಪುಸ್ತಕದಲ್ಲಿ ದಾಖಲಾಗಿ, ಸಂಸ್ಥೆ ಲೆಕ್ಕ ಒಪ್ಪಿಸಿದ ಮೇಲೆ ಅಷ್ಟು ಭಾಗ ಮಾತ್ರ ವೆಚ್ಚದ ಸಾಲಿಗೆ ಬರುತ್ತದೆ.

1.14 ಕೂಡ ಸರಿಯಲ್ಲ. ನಿಮ್ಮ ಬಿಲ್ಲನ್ನು ಬಿಡಿಸಿ ನೋಡಿ. ಮೂಲ ಬೆಲೆ 1 ಕೋಟಿ, ಜಿಎಸ್‌ಟಿ 18 ಲಕ್ಷ. ಮೂಲ ಬೆಲೆಯ ಮೇಲೆ ಜಿಎಸ್‌ಟಿ ಟಿಡಿಎಸ್ (ಪಾವತಿಸುವಾಗಲೇ ಹಿಡಿಯುವ ತೆರಿಗೆ) ಶೇ 2, ಅಂದರೆ 2 ಲಕ್ಷ. ಆದಾಯ ತೆರಿಗೆ ಟಿಡಿಎಸ್ ಕೂಡ ಶೇ 2, ಇನ್ನೊಂದು 2 ಲಕ್ಷ. ಕೈಗೆ ಹೋದದ್ದು 1.14 ಕೋಟಿ. ಹಿಡಿದ 4 ಲಕ್ಷ ಗುತ್ತಿಗೆದಾರರ ಪರವಾಗಿ ಸರ್ಕಾರಕ್ಕೆ ಕಟ್ಟಿದ್ದು, ಹಾಗಾಗಿ ಅದೂ ಯೋಜನೆಯ ವೆಚ್ಚವೇ. ವೆಚ್ಚ 1.18 ಕೋಟಿ. ಎರಡೂ ಟಿಡಿಎಸ್ ಚಲನ್‌ಗಳ ಪ್ರತಿ ಜೊತೆಗಿರಲಿ. ಭದ್ರತಾ ಠೇವಣಿ ಎಂದು ಹಿಡಿದಿಟ್ಟ ಹಣ ಬೇರೆ ಮಾತು, ಅದು ಇನ್ನೂ ನಿಮ್ಮಲ್ಲೇ ಇದೆ, ವೆಚ್ಚಕ್ಕೆ ಸೇರಿಸಬಾರದು. ವಿಳಂಬಕ್ಕೆ ದಂಡ ಹಿಡಿದಿದ್ದರೆ ಅದನ್ನು ಯಾವ ಸಾಲಿಗೆ ಹಾಕಬೇಕೆಂದು ಆರ್ಥಿಕ ಸಲಹೆಗಾರರಿಂದ ಲಿಖಿತ ಅಭಿಪ್ರಾಯ ಪಡೆದು ಕಡತದಲ್ಲಿಡಿ.

ಇನ್ನೊಂದು ಮಾತು. ಕೇಂದ್ರಕ್ಕೆ ಹೋಗುವ ಯು.ಸಿ.ಯಲ್ಲಿ ಬರಬೇಕಾದದ್ದು ಕೇಂದ್ರದ ಪಾಲು. ಅಲ್ಲಿ 2 ಕೋಟಿ ಎಂದು ಬರೆದರೆ ಸಚಿವಾಲಯದ ಬಿಡುಗಡೆ ಆದೇಶದ 1.20 ಕೋಟಿಗೆ ತಾಳೆಯಾಗದೆ ವಾಪಸು ಬರುತ್ತದೆ. ಬಿಲ್ಲು, ಮುಂಗಡ ಎರಡೂ 60:40ರಲ್ಲೇ ಹೋಗಿದ್ದರೆ ಕೇಂದ್ರದ ಲೆಕ್ಕ ಹೀಗೆ: ವೆಚ್ಚ 70.80 ಲಕ್ಷ, ಮುಂಗಡ 27 ಲಕ್ಷ, ಉಳಿಕೆ 22.20 ಲಕ್ಷ. ಕೂಡಿದರೆ 120 ಲಕ್ಷ. ರಾಜ್ಯದ 80 ಲಕ್ಷದ್ದು 47.20, 18 ಮತ್ತು 14.80. ಇದನ್ನು ಪ್ರತ್ಯೇಕ ತಃಖ್ತೆಯಾಗಿ ಲಗತ್ತಿಸಿ.

ಬಡ್ಡಿ 2 ಲಕ್ಷವನ್ನು ಉಳಿಕೆಯಲ್ಲಿ ಬೆರೆಸಬೇಡಿ. ಅದೂ ಪಾಲಿನ ಪ್ರಕಾರವೇ ಹಿಂದಿರುಗಬೇಕು. 1.20 ಲಕ್ಷವನ್ನು ಭಾರತ್‌ಕೋಶ್ (ಕೇಂದ್ರಕ್ಕೆ ಹಣ ಕಟ್ಟುವ ಪೋರ್ಟಲ್) ಮೂಲಕ ಕೇಂದ್ರದ ಸಂಚಿತ ನಿಧಿಗೆ, 80 ಸಾವಿರವನ್ನು ಖಜಾನೆ-2ರಲ್ಲಿ (ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ) ರಾಜ್ಯಕ್ಕೆ ಕಟ್ಟಿ, ರಸೀದಿ ಸಂಖ್ಯೆ ಮತ್ತು ದಿನಾಂಕವನ್ನು ಯು.ಸಿ.ಯಲ್ಲೇ ನಮೂದಿಸಿ. ಎಸ್‌ಎನ್‌ಎ ಸ್ಪರ್ಶ್ ಪದ್ಧತಿಗೆ ಬಂದ ಯೋಜನೆಗಳಲ್ಲಿ ಬಿಲ್ಲು ಬಂದಾಗಲೇ ಹಣ ಬಿಡುಗಡೆಯಾಗುವುದರಿಂದ ಬಡ್ಡಿಯ ಪ್ರಶ್ನೆಯೇ ಇಲ್ಲ. ನಿಮ್ಮ ಖಾತೆಯಲ್ಲಿ ಹಣ ಕೂತಿರುವುದರಿಂದ ನಿಮ್ಮದು ಹಳೆಯ ಪದ್ಧತಿ ಎಂದು ತಿಳಿದು ಇದನ್ನು ಬರೆದಿದ್ದೇನೆ.

ವೈರ್‌ಲೆಸ್ ಎಂಜಿನಿಯರ್:
ಭೌತಿಕ ಪ್ರಗತಿಗೆ ಒಂದೇ ಕಾಲಂ ಸಾಲದು. ‘ಪೂರ್ಣ’ ಎಂಬ ಪದ ವೈರ್‌ಲೆಸ್ ಕೆಲಸದಲ್ಲಿ ತುಂಬಾ ಮೋಸ ಮಾಡುತ್ತದೆ. ಪ್ರತಿ ರಿಪೀಟರ್ ಕೇಂದ್ರಕ್ಕೂ ‘ಬಂದಿದೆ’, ‘ಕೂರಿಸಿದೆ’, ‘ಚಾಲೂ ಆಗಿದೆ’, ‘ಹಸ್ತಾಂತರವಾಗಿದೆ’ ಎಂದು ನಾಲ್ಕು ಮನೆ ಮಾಡಿ, ಪ್ರತಿಯೊಂದಕ್ಕೂ ದಿನಾಂಕ ಬರೆಯಿರಿ. ರಿಪೀಟರ್ ಪೆಟ್ಟಿಗೆ, ಡ್ಯೂಪ್ಲೆಕ್ಸರ್, ಆಂಟೆನಾ, ಫೀಡರ್ ಕೇಬಲ್, ಮಿಂಚುತಡೆ, ಅರ್ಥಿಂಗ್, ಬ್ಯಾಟರಿ, ಚಾರ್ಜರ್ ಅಥವಾ ಸೋಲಾರ್: ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಕೇಂದ್ರ ಚಾಲೂ ಅಲ್ಲ.

ಚಾಲೂ ಎಂದು ಬರೆಯುವ ಮೊದಲು ಸ್ಥಳ ಪರೀಕ್ಷೆಯ ವರದಿ ಕೈಯಲ್ಲಿರಲಿ. ಹೊರಹೋಗುವ ಪವರ್, ಆಂಟೆನಾ ಕಡೆಯ ಎಸ್‌ಡಬ್ಲ್ಯೂಆರ್ (ಪವರ್ ಎಷ್ಟು ವಾಪಸು ಬರುತ್ತಿದೆ ಎಂದು ತೋರಿಸುವ ಅಂಕಿ, 1.5ಕ್ಕಿಂತ ಕೆಳಗಿದ್ದರೆ ನೆಮ್ಮದಿ), ಅರ್ಥ್ ಪ್ರತಿರೋಧ ಟೆಂಡರ್ ಮಿತಿಯೊಳಗೆ ಇದೆಯೇ, ಯಾವ ಯಾವ ಠಾಣೆಯಿಂದ ವಾಕಿಟಾಕಿಯಲ್ಲಿ ಮಾತು ಸ್ಪಷ್ಟವಾಗಿ ಬಂತು ಎಂಬ ಪಟ್ಟಿ, ಇಷ್ಟು ಅದರಲ್ಲಿರಬೇಕು.

ಬ್ಯಾಟರಿಯನ್ನು ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. 12 ವೋಲ್ಟ್ 150 ಎಎಚ್ (ಆಂಪಿಯರ್-ಅವರ್) ಅಂದರೆ 1800 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಕೆಡುತ್ತದೆ, ಹಾಗಾಗಿ ಬಳಕೆಗೆ 900. ರಿಪೀಟರ್ ಕೇಂದ್ರದ ಸರಾಸರಿ ಹೊರೆ 60 ವ್ಯಾಟ್ ಎಂದಿಟ್ಟುಕೊಂಡರೆ 15 ಗಂಟೆ. ಟೆಂಡರ್ 24 ಗಂಟೆ ಕೇಳಿದ್ದರೆ ಇದು ಕಡಿಮೆ, ಕಾಗದದಲ್ಲಿ ಎಷ್ಟೇ ಮುದ್ರೆ ಬಿದ್ದಿದ್ದರೂ ಕಡಿಮೆಯೇ. ಮಲೆನಾಡಿನ ಗುಡ್ಡದ ಮೇಲೆ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಸೋಲಾರಿಗೆ ಬಿಸಿಲೂ ಇರುವುದಿಲ್ಲ. ಗುಡ್ಡ ಕುಸಿದು ದಾರಿ ಮುಚ್ಚಿದ ರಾತ್ರಿ ಆ ರಿಪೀಟರ್ ಸತ್ತರೆ ಕೆಳಗಿನ ಠಾಣೆಗಳ ಸೆಟ್ಟುಗಳು ಒಂದರಿಂದ ಇನ್ನೊಂದಕ್ಕೆ ಕೇಳಿಸುವುದಿಲ್ಲ. ಅದಕ್ಕೇ ಬ್ಯಾಟರಿ ಇಳಿಸಿ ನೋಡಿದ ಪರೀಕ್ಷೆಯ ಗಂಟೆಗಳನ್ನು ವರದಿಯಲ್ಲಿ ಬರೆಯಲೇಬೇಕು ಎನ್ನುವುದು.

ಕೇಳಿದವರು:
ತುಂಬಾ ಉಪಕಾರವಾಯಿತು. ನಮ್ಮಲ್ಲೂ ಬಿಲ್ಲು, ಮುಂಗಡ ಎರಡೂ 60:40ರಲ್ಲೇ ಹೋಗಿವೆ. 6 ರಿಪೀಟರ್ ಬಂದಿವೆ, 4 ಕೂರಿಸಿದೆ, 3 ಚಾಲೂ ಆಗಿವೆ. 2 ಕಡೆ ಟವರ್ ಇಲ್ಲದೆ ಪೆಟ್ಟಿಗೆಗಳು ಉಗ್ರಾಣದಲ್ಲೇ ಇವೆ. ಆ ಎರಡರ ಅಳವಡಿಕೆ ಬಿಲ್ಲು ಇನ್ನೂ ಬಂದಿಲ್ಲ. ಚಾಲೂ ಆಗದ ಒಂದಕ್ಕೆ ಫ್ರೀಕ್ವೆನ್ಸಿ ಬಂದಿಲ್ಲ ಎನ್ನುತ್ತಿದ್ದಾರೆ.

ವೈರ್‌ಲೆಸ್ ಎಂಜಿನಿಯರ್:
ಹಾಗಾದರೆ 6, 4, 3 ಎಂದೇ ಬರೆಯಿರಿ, ಕಾರಣ ಸಮೇತ. ಅಳವಡಿಕೆ ಬಿಲ್ಲು ಬಂದಿಲ್ಲದಿರುವುದು ಒಳ್ಳೆಯದಾಯಿತು, ಬಂದರೂ ಟವರ್ ಏಳುವ ತನಕ ಪಾಸು ಮಾಡಬೇಡಿ.

ಉಗ್ರಾಣದ 2 ಪೆಟ್ಟಿಗೆಗಳ ವಾರಂಟಿ ಯಾವಾಗ ಶುರುವಾಗುತ್ತದೆ ಎಂದು ಖರೀದಿ ಆದೇಶದಲ್ಲಿ ಇವತ್ತೇ ನೋಡಿ. ‘ಚಾಲೂ ಆದ ದಿನದಿಂದ’ ಎಂದಿದ್ದರೆ ಸರಿ. ‘ಪೂರೈಕೆಯ ದಿನದಿಂದ’ ಎಂದಿದ್ದರೆ ವಾರಂಟಿ ಉಗ್ರಾಣದಲ್ಲೇ ಕರಗುತ್ತಿದೆ. ವಿಸ್ತರಣೆ ಕೇಳಿ ಪತ್ರ ಬರೆಯಿರಿ. ಜೊತೆಗೆ ಬಂದ ಬ್ಯಾಟರಿಗಳನ್ನು ಕಾಲಕಾಲಕ್ಕೆ ಚಾರ್ಜ್ ಮಾಡಿಸಿ. ಸುಮ್ಮನೆ ಇಟ್ಟ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಕೂರಿಸುವ ಹೊತ್ತಿಗೆ ಅರ್ಧ ಶಕ್ತಿಯೂ ಉಳಿದಿರುವುದಿಲ್ಲ.

ಫ್ರೀಕ್ವೆನ್ಸಿಗೆ ಅರ್ಜಿ ಹೋಗುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗಕ್ಕೆ, ಸರಳ್ ಸಂಚಾರ್ ಪೋರ್ಟಲ್ ಮೂಲಕ. ಟವರ್ ಜಾಗಕ್ಕೆ ಸಕ್‌ಫಾ (ಟವರ್ ಜಾಗ, ಎತ್ತರ ಪರಿಶೀಲಿಸುವ ಸಮಿತಿ) ಒಪ್ಪಿಗೆ ಬೇರೆ. ಅಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಕ್ಷಾಂಶ ರೇಖಾಂಶ ಮತ್ತು ಟವರ್ ಎತ್ತರದಲ್ಲಿ. ಅರ್ಜಿಯಲ್ಲಿ ಒಂದು, ಜಾಗದಲ್ಲಿ ಇನ್ನೊಂದು ಇರುತ್ತದೆ. ಜಾಗಕ್ಕೇ ಹೋಗಿ ಜಿಪಿಎಸ್‌ನಲ್ಲಿ ಅಳೆದು ಬರೆಯಿರಿ. ಪರವಾನಗಿ ಶುಲ್ಕ ಮಂಜೂರಾತಿ ಪಟ್ಟಿಯಲ್ಲಿ ಇಲ್ಲದಿದ್ದರೆ ಅನುದಾನದಿಂದ ಕಟ್ಟಬೇಡಿ.

112 ನಿಯಂತ್ರಣ ಕೊಠಡಿಯ ಮೇಲ್ವಿಚಾರಕಿ:
ಎಂಡಿಟಿ ಬಗ್ಗೆ ಯಾರೂ ಹೇಳಲಿಲ್ಲ. ‘20 ವಾಹನಕ್ಕೆ ಅಳವಡಿಸಿದೆ’ ಎಂದು ಬರೆದರೆ ಅರ್ಧ ಸತ್ಯ. ಎಷ್ಟು ಎಂಡಿಟಿ ಪ್ರತಿ ಪಾಳಿಯಲ್ಲೂ ಲಾಗಿನ್ ಆಗುತ್ತಿವೆ, ಎಷ್ಟರ ಸ್ಥಳ ನಕ್ಷೆಯ ಮೇಲೆ ಕಾಣುತ್ತಿದೆ, ಅದನ್ನು ಬರೆಯಿರಿ. ಸಿಮ್‌ನ ಡೇಟಾ ಮುಗಿದಿರುವುದು, ಚಾರ್ಜಿಂಗ್ ತಂತಿ ಇಗ್ನಿಷನ್‌ಗೆ ಕೊಟ್ಟು ಗಾಡಿ ನಿಂತಾಗ ಟ್ಯಾಬ್ ಆರಿಹೋಗುವುದು, ಪಾಳಿ ಬದಲಾದಾಗ ಹಳೆಯ ಸಿಬ್ಬಂದಿಯ ಹೆಸರಿನಲ್ಲೇ ಓಡುವುದು, ಇವು ದಿನನಿತ್ಯದ ತೊಂದರೆಗಳು.

ಪ್ರತಿಕ್ರಿಯೆ ಸಮಯ ಕೇಳಿದರೆ ಎಲ್ಲಿಂದ ಎಲ್ಲಿಗೆ ಎಂದು ಅಡಿಟಿಪ್ಪಣಿ ಹಾಕಿ. ಕರೆ ಎತ್ತಿದ ಕ್ಷಣದಿಂದ ಗಾಡಿ ತಲುಪುವ ತನಕವೇ, ಗಾಡಿಗೆ ಕೆಲಸ ಒಪ್ಪಿಸಿದ ಮೇಲಿಂದಲೇ? ಎರಡಕ್ಕೂ ನಡುವೆ ನಿಮಿಷಗಳ ಅಂತರವಿದೆ, ಕರೆ ಮಾಡಿದ ಹೆಣ್ಣುಮಗಳಿಗೆ ಲೆಕ್ಕಕ್ಕೆ ಬರುವುದು ಮೊದಲನೆಯದು. ಸಿಬ್ಬಂದಿ ‘ತಲುಪಿದೆ’ ಗುಂಡಿಯನ್ನು ಕೆಲಸವೆಲ್ಲ ಮುಗಿದ ಮೇಲೆ ಒತ್ತುವುದೂ ಉಂಟು, ಹೊರಡುವಾಗಲೇ ಒತ್ತುವುದೂ ಉಂಟು. ಅದಕ್ಕೆ ಸರಾಸರಿ ಒಂದನ್ನೇ ಕೊಡದೆ ಮಧ್ಯದ ಬೆಲೆಯನ್ನೂ (ಸಮಯಗಳನ್ನು ಸಾಲಾಗಿಟ್ಟಾಗ ನಡುವೆ ಬರುವ ಅಂಕಿ) ಕೊಡಿ, ಒಂದೆರಡು ದಿನದ ದಾಖಲೆಯನ್ನು ಜಿಪಿಎಸ್ ಜಾಡಿನೊಂದಿಗೆ ಹೋಲಿಸಿ ನೋಡಿ. ಖಾಲಿ ಕರೆಗಳನ್ನು ಬೇರೆ ಇಡಿ. ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ 3 ಸಲ, ಸಾದಾ ಫೋನ್‌ನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇರುವುದರಿಂದ ಜೇಬಿನೊಳಗಿಂದಲೇ ಬರುವ ಕರೆಗಳು ಇದ್ದೇ ಇರುತ್ತವೆ.

ಲೆಕ್ಕ ಪರಿಶೋಧನೆ ಬಲ್ಲವರು:
ರಾಜ್ಯ ಸರ್ಕಾರದ ಯು.ಸಿ. ನಮೂನೆ 12-ಸಿ. 12-ಎ ಎಂಬುದು ಸಂಸ್ಥೆಗಳಿಗೆ. 12-ಸಿಯಲ್ಲಿ ಎರಡು ಕಡೆ ಪೆನ್ನು ತಪ್ಪುತ್ತದೆ. ಉಳಿಕೆ ಹಣದ ಸಾಲಿನಲ್ಲಿ ‘ಸರ್ಕಾರಕ್ಕೆ ಹಿಂದಿರುಗಿಸಲಾಗಿದೆ’, ‘ಮುಂದಿನ ವರ್ಷದ ಅನುದಾನಕ್ಕೆ ಹೊಂದಿಸಿಕೊಳ್ಳಲಾಗುವುದು’ ಎಂಬ ಎರಡೂ ಇವೆ. ಒಂದನ್ನು ಹೊಡೆದುಹಾಕಲೇಬೇಕು. ಕೆಳಗೆ ‘ನಡೆಸಿದ ಪರಿಶೀಲನೆಗಳು’ ಎಂಬ ಖಾಲಿ ಸಾಲುಗಳಲ್ಲಿ ‘ದಾಖಲೆ ಪರಿಶೀಲಿಸಿದೆ’ ಎಂದು ಗೀಚಿ ಕಳಿಸುವವರೇ ಹೆಚ್ಚು. ಅಲ್ಲಿ ದಾಸ್ತಾನು ವಹಿಯ ಪುಟ ಸಂಖ್ಯೆ, ಸ್ಥಳ ಭೇಟಿಯ ದಿನಾಂಕ, ಪರೀಕ್ಷಾ ವರದಿಯ ಸಂಖ್ಯೆ ಬರೆಯಿರಿ. 150 ವಾಕಿಟಾಕಿಗಳ ಸೀರಿಯಲ್ ನಂಬರ್ ಯಾವ ಠಾಣೆಗೆ ಯಾವುದು ಹೋಯಿತು ಎಂಬ ಪಟ್ಟಿಯೊಡನೆ ಸಿದ್ಧವಿರಲಿ. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು.

ಅವಧಿ: ಸಾಮಾನ್ಯ ಹಣಕಾಸು ನಿಯಮಗಳ ನಿಯಮ 238ರಂತೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ. ಆದರೆ ನಿಮ್ಮ ಕಂತು ನಿಂತಿದೆ, ಅಷ್ಟು ದಿನ ಕಾಯುವ ಮಾತೇ ಇಲ್ಲ. ಎಸಿ ಬಿಲ್ಲಿನಲ್ಲಿ (ವಿವರ ಆಮೇಲೆ ಕೊಡುವ ಷರತ್ತಿನ ಬಿಲ್ಲು) ಹಣ ಎತ್ತಿದ್ದರೆ ಎನ್‌ಡಿಸಿ ಬಿಲ್ಲು (ಅದರ ಖರ್ಚಿನ ವಿವರದ ಬಿಲ್ಲು) ಮುಂದಿನ ತಿಂಗಳ 15ರೊಳಗೆ ಮಹಾಲೇಖಪಾಲರಿಗೆ ಹೋಗಿರಬೇಕು. ಅದು ಬಾಕಿ ಇರುವಾಗ ಅದೇ ಹಣಕ್ಕೆ ಯು.ಸಿ. ಕೊಟ್ಟರೆ ಆಕ್ಷೇಪಣೆ ಖಚಿತ. ಮಾರ್ಚ್ ಕೊನೆಯಲ್ಲಿ ಠೇವಣಿ ಖಾತೆಗೆ ಸರಿಸಿದ ಹಣವೂ ವೆಚ್ಚವಲ್ಲ.

ಕೇಳಿದವರು:
ಪಿಎಫ್‌ಎಂಎಸ್‌ನಲ್ಲಿ (ಸರ್ಕಾರಿ ಹಣದ ಜಾಡು ಹಿಡಿಯುವ ಕೇಂದ್ರದ ಆನ್‌ಲೈನ್ ವ್ಯವಸ್ಥೆ) ನೋಡಿದೆ. ಆ 45 ಲಕ್ಷ ಅಲ್ಲಿ ‘ವೆಚ್ಚ’ ಎಂದೇ ದಾಖಲಾಗಿದೆ. ಯು.ಸಿ.ಯಲ್ಲಿ ಮುಂಗಡ ಎಂದು ಬರೆದರೆ ತಾಳೆಯಾಗುವುದಿಲ್ಲವಲ್ಲ?

ಲೆಕ್ಕಪತ್ರ ಅಧೀಕ್ಷಕರು:
ತಾಳೆಯಾಗಲಿ ಎಂದು ಯು.ಸಿ.ಯನ್ನು ತಪ್ಪಿನ ಕಡೆಗೆ ತಿದ್ದಬೇಡಿ, ಪಿಎಫ್‌ಎಂಎಸ್ ನಮೂದನ್ನು ಸರಿಪಡಿಸಿ. ಅಲ್ಲಿ ವೆಚ್ಚ, ಮುಂಗಡ, ವರ್ಗಾವಣೆ ಮೂರೂ ಬೇರೆ ಬೇರೆ ಆಯ್ಕೆಗಳು. ನಮೂದಿಸುವಾಗ ಮೊದಲನೆಯದನ್ನು ಆರಿಸಿದ್ದರಿಂದ ಹೀಗಾಗಿದೆ. ರಾಜ್ಯ ನೋಡಲ್ ಕಚೇರಿಗೆ ವಹಿವಾಟಿನ ಸಂಖ್ಯೆ, ದಿನಾಂಕ, ಮುಂಗಡದ ಆದೇಶದ ಪ್ರತಿ ಇಟ್ಟು ಪತ್ರ ಬರೆಯಿರಿ. ತಿದ್ದುಪಡಿ ತಡವಾದರೆ ಯು.ಸಿ. ಜೊತೆ ಒಂದು ಪುಟದ ಹೊಂದಾಣಿಕೆ ತಃಖ್ತೆ ಸಾಕು: ಪಿಎಫ್‌ಎಂಎಸ್ ಪ್ರಕಾರ 163 ಲಕ್ಷ, ಕಳೆ ಮುಂಗಡ 45, ನಿಜವಾದ ವೆಚ್ಚ 118. ಖಜಾನೆ-2ರ ಅಂಕಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ 39 ಲಕ್ಷವೂ ಅದೇ ಪುಟದಲ್ಲಿರಲಿ. ಒಳಾಡಳಿತ ಇಲಾಖೆಗೆ ಮೇಲುರುಜುವಿಗೆ ಕಳಿಸುವಾಗ ಆ ಪುಟವನ್ನು ಯು.ಸಿ.ಯ ಹಿಂದೆಯೇ ಪಿನ್ ಮಾಡಿ. ನಿರ್ಮಾಣ ಸಂಸ್ಥೆಗೂ ಇವತ್ತೇ ಪತ್ರ ಹೋಗಲಿ, 45 ಲಕ್ಷದಲ್ಲಿ ಎಷ್ಟು ಕೆಲಸ ಅಳತೆಯಾಗಿದೆ ಎಂದು ಟವರ್‌ವಾರು ಲೆಕ್ಕ ಕೇಳಿ.