ಪ್ರೋಗ್ ದಿಗ್ಗಜರ ಎಂಬತ್ತರ ದಶಕದ ಧ್ವನಿ: ಜಿಟಿಆರ್ ಏಕೆ ಮನಸ್ಸಿಗೆ ಹತ್ತುವುದಿಲ್ಲ?

ಪ್ರಶ್ನೆ: ಕುವೆಂಪುನಗರದ ಕೇಳುಗ, ಮೈಸೂರು

ನಾವು ಕೆಲವು ಗೆಳೆಯರು ಭಾನುವಾರ ಸಂಜೆ ಒಟ್ಟಿಗೆ ಕುಳಿತು ಹಳೆಯ ಎಲ್‌ಪಿಗಳನ್ನು ಕೇಳುತ್ತೇವೆ. ಕಳೆದ ವಾರ ಪ್ರೋಗ್ (ಉದ್ದದ, ಜಟಿಲ ರಚನೆಗಳ ರಾಕ್ ಸಂಗೀತ) ದಿಗ್ಗಜರ ‘ಜಿಟಿಆರ್’ ತಂಡದ ಅದೇ ಹೆಸರಿನ 1986ರ ಆಲ್ಬಂ ಹಾಕಿದ್ದೆವು. ಯೆಸ್ ತಂಡದ ಸ್ಟೀವ್ ಹೌ, ಜೆನೆಸಿಸ್ ತಂಡದಲ್ಲಿದ್ದ ಸ್ಟೀವ್ ಹ್ಯಾಕೆಟ್ ಎಂಬ ಇಬ್ಬರು ಗಿಟಾರ್ ವಾದಕರು ಜೊತೆಯಾಗಿದ್ದರೂ ಯಾವ ಕೈ ಯಾರದೆಂದು ಗುರುತು ಹತ್ತದಷ್ಟು ನುಣುಪಾದ ಧ್ವನಿ ಅದರದು. ಯೆಸ್ ತಂಡದ 1983ರ ‘90125’ ಕೂಡ ಮಾರುಕಟ್ಟೆಯನ್ನು ಕಣ್ಣಮುಂದೆ ಇಟ್ಟುಕೊಂಡೇ ಬಂದದ್ದು, ಆದರೆ ಅದು ಇಂದಿಗೂ ಹಳತೆನಿಸುವುದಿಲ್ಲ. ‘ಎಲ್ಲವೂ ಹಣದಾಸೆ’ ಎಂದು ಗೆಳೆಯರೊಬ್ಬರು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಆಸೆ ಎರಡು ಕಡೆಯೂ ಇದ್ದಮೇಲೆ ಫಲ ಬೇರೆಯಾದದ್ದೇಕೆ?

ಉತ್ತರ 1: ಮಂಡ್ಯದ ಗಿಟಾರಿ

ವ್ಯತ್ಯಾಸವಿರುವುದು ಕೆಲಸದ ಕ್ರಮದಲ್ಲಿ. ‘90125’ ಆರಂಭವಾದದ್ದು ಯೆಸ್ ಆಲ್ಬಂ ಆಗಿ ಅಲ್ಲ. ಯೆಸ್‌ನ ಬಾಸ್ ವಾದಕ ಕ್ರಿಸ್ ಸ್ಕ್ವಯರ್ ಮತ್ತು ಡ್ರಮ್ ವಾದಕ ಅಲನ್ ವೈಟ್ ಅವರು ದಕ್ಷಿಣ ಆಫ್ರಿಕಾದ ಗಿಟಾರ್ ವಾದಕ ಟ್ರೆವರ್ ರಾಬಿನ್ ಜೊತೆ ‘ಸಿನಿಮಾ’ ಎಂಬ ಹೊಸ ತಂಡ ಕಟ್ಟಿದ್ದರು, ಯೆಸ್‌ನ ಹಳೆಯ ಗಾಯಕ ಜಾನ್ ಆಂಡರ್ಸನ್ ಕೊನೆಯ ಹಂತದಲ್ಲಿ ಬಂದು ಸೇರಿದ ಮೇಲೆ ಹಳೆಯ ಹೆಸರು ಮರಳಿತು. ನಿರ್ಮಾಪಕ ಟ್ರೆವರ್ ಹಾರ್ನ್ 1980ರಲ್ಲಿ ಇದೇ ತಂಡದ ಗಾಯಕರಾಗಿದ್ದವರು, ಆದ್ದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬೇಕು ಎಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. 1984ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ: ಚರಣದಲ್ಲಿ ಬಾಸ್ ಮತ್ತು ಡ್ರಮ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಸ್ಯಾಂಪ್ಲರಿನ (ಮೊದಲೇ ಮುದ್ರಿಸಿದ ಧ್ವನಿಯನ್ನು ಮರಳಿ ನುಡಿಸುವ ಯಂತ್ರ) ವಾದ್ಯವೃಂದದ ತುಣುಕುಗಳು ಅನಿರೀಕ್ಷಿತವಾಗಿ ಬಂದು ಅಷ್ಟೇ ಬೇಗ ಮಾಯವಾಗುತ್ತವೆ, ರಾಬಿನ್‌ರ ಸೋಲೋದಲ್ಲಿ ಪ್ರತಿ ಸ್ವರಕ್ಕೂ ಅದರ ಪಂಚಮ ಅಂಟಿಕೊಂಡೇ ಕೇಳಿಸುತ್ತದೆ. ಇಲ್ಲಿ ಯಂತ್ರವೇ ರಚನೆಯ ಭಾಗ.

ಜಿಟಿಆರ್‌ನಲ್ಲಿ ಕೀಬೋರ್ಡ್ ವಾದಕರೇ ಇರಲಿಲ್ಲ; ಆ ಜಾಗವನ್ನು ಗಿಟಾರ್ ಸಿಂಥಸೈಜರ್‌ಗಳಿಂದ (ಗಿಟಾರ್ ನುಡಿಸಿದರೆ ಬೇರೆ ವಾದ್ಯದಂಥ ಧ್ವನಿ ಹೊರಡಿಸುವ ಯಂತ್ರ) ತುಂಬಿಸಿದರು. ತಮ್ಮ ಬೆರಳಿನ ಗುರುತಿನಿಂದಲೇ ಹೆಸರಾದ ಇಬ್ಬರು ಕೀಬೋರ್ಡಿನಂತೆ ಕೇಳಿಸಲು ಶ್ರಮಪಟ್ಟ ವಿಚಿತ್ರ ಸ್ಥಿತಿ ಅದು. ಅದೇ ಆಲ್ಬಂನಲ್ಲಿ ಇಬ್ಬರೂ ತಂತಮ್ಮ ವಾದ್ಯ ತುಣುಕುಗಳನ್ನು ನುಡಿಸಿದ್ದಾರೆ, ಅಲ್ಲಿ ಕೆಲವೇ ಕ್ಷಣಗಳಲ್ಲಿ ವ್ಯಕ್ತಿ ಗುರುತಾಗುತ್ತಾರೆ.

ಉತ್ತರ 2: ವಿಲಂಬಕಾಲ

‘ಏಷ್ಯಾ’ ತಂಡವನ್ನು ಮರೆಯಬಾರದು. 1982ರ ಅವರ ಮೊದಲ ಆಲ್ಬಂ ಅಮೆರಿಕದಲ್ಲಿ ಒಂಬತ್ತು ವಾರ ಅಗ್ರಸ್ಥಾನದಲ್ಲಿತ್ತು. ಜಿಟಿಆರ್ ನಿರ್ಮಿಸಿದ ಜೆಫ್ ಡೌನ್ಸ್ ಮತ್ತು ಸ್ಟೀವ್ ಹೌ ಇಬ್ಬರೂ ಅಲ್ಲಿದ್ದವರೇ. ಗೆದ್ದ ಸೂತ್ರವನ್ನೇ ಮತ್ತೊಮ್ಮೆ ಪ್ರಯೋಗಿಸಿದರು, ಆದರೆ ಏಷ್ಯಾದ ಗಾಯಕ ಜಾನ್ ವೆಟನ್‌ರ ಕಂಠ ಇರಲಿಲ್ಲ. ಇನ್ನು, ಪ್ರೋಗ್ ತಂಡಗಳು ಉದ್ದದ ರಚನೆ ಬಿಟ್ಟು ಚಿಕ್ಕ ಹಾಡಿಗೆ ಇಳಿದದ್ದೇ ಕಲೆಯ ಸೋಲು ಎಂದು ಕೆಲವರು ಹೇಳುವುದುಂಟು; ಹಾಡು ಚಿಕ್ಕದಾದ ಮಾತ್ರಕ್ಕೆ ಕಲೆ ಸೋತಿತೆಂಬ ಆ ವಾದವನ್ನು ನಾನು ಒಪ್ಪಲಾರೆ. ಗ್ರಾಮಫೋನ್ ತಟ್ಟೆಯ ಮೂರು ಚಿಲ್ಲರೆ ನಿಮಿಷಕ್ಕೆ ಕೃತಿಯನ್ನು ಅಡಕವಾಗಿ ಹಾಡಿದ ನಮ್ಮ ವಿದ್ವಾಂಸರನ್ನು ಇಂದು ಯಾರೂ ಹಾಗೆ ದೂರುವುದಿಲ್ಲ.

ಉತ್ತರ 3: ಸರಸ್ವತೀಪುರಂ ವಾಸಿ

ಗ್ರಾಮಫೋನ್ ತಟ್ಟೆಯ ಮಿತಿ ಹೊರಗಿನಿಂದ ಬಂದದ್ದು, ಈ ತಂಡಗಳದು ತಾವೇ ಆಯ್ದುಕೊಂಡದ್ದು, ಆದ್ದರಿಂದ ಆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ‘ಎಂಬತ್ತರ ಧ್ವನಿ’ ಎಂದು ನಾವು ದೂರುವುದರಲ್ಲಿ ಒಂದು ಮುಖ್ಯ ಅಂಶವನ್ನು, ಅಂದರೆ ಡ್ರಮ್ಮಿನ ಧ್ವನಿಯನ್ನು, ಹುಟ್ಟಿಸಿದವರೇ ಪ್ರೋಗ್ ಬಳಗದವರು. ಜೆನೆಸಿಸ್‌ನ ಮಾಜಿ ಗಾಯಕ ಪೀಟರ್ ಗೇಬ್ರಿಯಲ್‌ರ 1980ರ ಮೂರನೆಯ ಆಲ್ಬಂನಲ್ಲಿ ಜೆನೆಸಿಸ್‌ನ ಫಿಲ್ ಕಾಲಿನ್ಸ್ ಡ್ರಮ್ ನುಡಿಸಿದ್ದಾರೆ, ಧ್ವನಿಮುದ್ರಣ ಹ್ಯೂ ಪ್ಯಾಡ್‌ಹ್ಯಾಮ್‌ರದು. ಗೇಬ್ರಿಯಲ್ ಸಿಂಬಲ್‌ಗಳೇ (ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳು) ಬೇಡವೆಂದಿದ್ದರು. ಡ್ರಮ್ಮಿನ ಪ್ರತಿ ಏಟಿನ ಮೊಳಗು ತುಂಬಿಕೊಂಡು ಬಂದು, ಸಹಜವಾಗಿ ಕರಗುವ ಮೊದಲೇ ಕತ್ತರಿಸಿದಂತೆ ನಿಲ್ಲುತ್ತದೆ. ಮರುವರ್ಷ ಕಾಲಿನ್ಸ್ ಅದನ್ನೇ ತಮ್ಮ ಸ್ವಂತ ಹಾಡಿಗೆ ತಂದು ಮನೆಮಾತಾಗಿಸಿದರು. 1986ರಲ್ಲಿ ಜೆನೆಸಿಸ್‌ನ ‘ಇನ್‌ವಿಸಿಬಲ್ ಟಚ್’ ಶೀರ್ಷಿಕೆ ಗೀತೆ ಅಮೆರಿಕದಲ್ಲಿ ಅಗ್ರಸ್ಥಾನ ಪಡೆದಾಗಲೂ ಅದೇ ಆಲ್ಬಂನಲ್ಲಿ ಹತ್ತು ನಿಮಿಷ ಮೀರಿದ ‘ಡಾಮಿನೋ’ ಇತ್ತು. ಜಿಟಿಆರ್ ಬರುವ ಹೊತ್ತಿಗೆ ಆ ಡ್ರಮ್ ಧ್ವನಿ ಸ್ಟುಡಿಯೋಗಳಲ್ಲಿ ಸಿದ್ಧ ಸರಕಾಗಿತ್ತು. 1977ರಲ್ಲೇ ಜೆನೆಸಿಸ್ ಬಿಟ್ಟಿದ್ದ ಹ್ಯಾಕೆಟ್, ತಮ್ಮ ಹಳೆಯ ಜೊತೆಗಾರರು ಕಂಡುಕೊಂಡದ್ದನ್ನೇ ತಡವಾಗಿ ಅಂಗಡಿಯಿಂದ ಕೊಂಡು ತಂದಂತಾಯಿತು.