ಸ್ವಿಫ್ಟ್‌ನ ಅಲಾಯ್ ವೀಲ್‌ಗಳು: ರಿಪೇರಿ ಮಾಡಿಸಿ ಬಣ್ಣ ಹಾಕಿಸುವುದೋ, ಹೊಸದನ್ನೇ ಕೊಳ್ಳುವುದೋ?

ನವನಗರ_ಸ್ವಿಫ್ಟ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಸ್ವಿಫ್ಟ್ ಝಡ್‌ಎಕ್ಸ್‌ಐ ಪ್ಲಸ್. ಕಾರಿನ ಜೊತೆಯಲ್ಲೇ ಬಂದ 15 ಇಂಚಿನ ಡೈಮಂಡ್ ಕಟ್ ಅಲಾಯ್ ವೀಲ್‌ಗಳೇ ಈಗಲೂ ಇವೆ. ಟೈರಿನ ಅಳತೆ 185/65 ಆರ್15. ಈ ಮಳೆಗಾಲದಲ್ಲಿ ಗದಗ ಕಡೆಯಿಂದ ರಾತ್ರಿ ಬರುತ್ತಿದ್ದಾಗ, ನೀರು ತುಂಬಿ ರಸ್ತೆಯ ಮಟ್ಟಕ್ಕೇ ನಿಂತಿದ್ದ ತಗ್ಗಿನಲ್ಲಿ ಎಡಭಾಗದ ಮುಂದಿನ ಗಾಲಿ ಬಿತ್ತು. ಅಂದಿನಿಂದ ಗಂಟೆಗೆ 80 ಕಿಲೋಮೀಟರ್ ದಾಟುತ್ತಿದ್ದಂತೆ ಸ್ಟೀರಿಂಗ್ ನಡುಗುತ್ತದೆ. ಆ ಟೈರಿನಲ್ಲಿ ವಾರಕ್ಕೊಮ್ಮೆ ಗಾಳಿಯೂ ಕಡಿಮೆಯಾಗುತ್ತಿದೆ. ಎಡಭಾಗದ ಹಿಂದಿನ ವೀಲ್‌ನ ಅಂಚು ಪಾರ್ಕಿಂಗ್ ಕಲ್ಲಿಗೆ ಉಜ್ಜಿ ಗೀಚಿ ಹೋಗಿದೆ. ಬಲಭಾಗದ ಹಿಂದಿನದರಲ್ಲಿ ಮೇಲಿನ ಪಾರದರ್ಶಕ ಲೇಪ ಅಲ್ಲಲ್ಲಿ ಎದ್ದು, ಅದರ ಕೆಳಗೆ ಬಿಳಿಯ ಎಳೆಗಳಂತಹ ಕಲೆಗಳು ಹಬ್ಬಿವೆ. ಬಲಭಾಗದ ಮುಂದಿನದು ಮಾತ್ರ ಚೆನ್ನಾಗಿದೆ.

ನಾಲ್ಕನ್ನೂ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸುವ ಲೇಪ) ಮಾಡಿಕೊಡಲು ಒಬ್ಬರು ಹನ್ನೆರಡು ಸಾವಿರ ಹೇಳಿದ್ದಾರೆ; ಬಾಗಿದ್ದನ್ನು ನೆಟ್ಟಗೆ ಮಾಡುವುದೂ ಅದರಲ್ಲೇ ಸೇರಿದೆಯಂತೆ. ಇನ್ನೊಬ್ಬರು, ರಿಪೇರಿ ಮಾಡಿದ ಅಲಾಯ್ ಎಂದಿಗೂ ನಂಬಿಕೆಗೆ ಅರ್ಹವಲ್ಲ, ನಾಲ್ಕನ್ನೂ ತೆಗೆದು 16 ಇಂಚಿನ ಹೊಸ ಸೆಟ್ ಹಾಕಿಸಿ ಎನ್ನುತ್ತಾರೆ. ಕಂಪನಿಯ ವೀಲ್ ಬೇಕೆಂದರೆ ಒಂದಕ್ಕೆ ಎಂಟು ಸಾವಿರದ ಹತ್ತಿರ ಹೇಳಿದ್ದಾರೆ. ಇಬ್ಬರ ಮಾತಿನಲ್ಲಿಯೂ ಅವರವರ ವ್ಯಾಪಾರದ ವಾಸನೆ ಇದ್ದೇ ಇದೆ. ವಿಮೆಯಲ್ಲಿ ಪಡೆಯುವುದು ಲಾಭವೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಟರ್ನರ್_ತಾರಿಹಾಳ

ಸರ್, ನಾಲ್ಕು ವೀಲ್‌ಗಳನ್ನು ಒಂದೇ ಪ್ರಶ್ನೆಯಾಗಿ ನೋಡುತ್ತಿರುವುದರಿಂದಲೇ ಈ ಗೊಂದಲ ಹುಟ್ಟಿದೆ. ನಿಮ್ಮಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ನಾನು ಲೇತ್ ಕೆಲಸದವನು, ವೀಲ್ ಮಾರುವವನಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಎಡ ಮುಂದಿನದು. ಅದರ ಹೊರಮುಖ ಎಷ್ಟು ಚೆನ್ನಾಗಿ ಕಂಡರೂ ಅದಕ್ಕೆ ಬೆಲೆಯಿಲ್ಲ. ಟೈರು ಬಿಚ್ಚಿಸಿ, ಕಾರಿನ ಒಳಮಗ್ಗುಲಿಗೆ ಬರುವ ಅಂಚನ್ನು ನೋಡಬೇಕು. ತಗ್ಗಿನ ಹೊಡೆತ ಬಹುತೇಕ ಅಲ್ಲಿಯೇ ಬೀಳುತ್ತದೆ, ಏಕೆಂದರೆ ಹೊರಬದಿಗೆ ಕಡ್ಡಿಗಳ ಆಸರೆ ಇರುತ್ತದೆ, ಒಳಬದಿಯ ಅಂಚಿಗೆ ಅದು ಇರುವುದಿಲ್ಲ. ಗಾಳಿ ನಿಧಾನವಾಗಿ ಇಳಿಯುತ್ತಿದೆ ಎಂದಿರಿ. ಅಂಚು ಬಾಗಿ ಟೈರು ಸರಿಯಾಗಿ ಕೂರದಿದ್ದರೂ ಹೀಗಾಗುತ್ತದೆ, ಕೂದಲೆಳೆಯಂತಹ ಬಿರುಕು ಬಿಟ್ಟಿದ್ದರೂ ಹೀಗೆಯೇ ಆಗುತ್ತದೆ. ಎರಡರಲ್ಲಿ ಯಾವುದು ಎಂಬುದರ ಮೇಲೆ ಆ ವೀಲ್‌ನ ಹಣೆಬರಹ ನಿಂತಿದೆ.

ಬಿರುಕು ಹುಡುಕಲು ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿಯ ಸ್ಪ್ರೇ ಹೊಡೆಯುವ ಡೈ ಪೆನಿಟ್ರೆಂಟ್ ಪರೀಕ್ಷೆ ಇದೆ. ಅದು ಸಿಗದಿದ್ದರೆ ವರ್ಕ್‌ಶಾಪಿನ ಹಳೆಯ ಉಪಾಯ ಸಾಕು. ಒಳಪಟ್ಟಿಯ ಒಂದು ಮಗ್ಗುಲನ್ನು ಚೆನ್ನಾಗಿ ತೊಳೆದು ಒಣಗಿಸಿ ಚಾಕ್‌ಪೀಸ್ ಪುಡಿ ಸವರಿ, ಇನ್ನೊಂದು ಮಗ್ಗುಲಿಗೆ ಸೀಮೆಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಅರ್ಧ ಗಂಟೆ ಬಿಡಿ. ಆರಪಾರ ಬಿರುಕಿದ್ದರೆ ಚಾಕ್‌ನ ಬಿಳುಪಿನ ಮೇಲೆ ಒದ್ದೆಯ ಕಪ್ಪು ಗೆರೆಯೊಂದು ತಾನಾಗಿಯೇ ಮೂಡುತ್ತದೆ. ಬಣ್ಣ ಹಾಕಿಸುವುದಕ್ಕಿಂತ ಮುಂಚೆಯೇ ಇದನ್ನು ಮಾಡಿಸಬೇಕು; ಪೌಡರ್ ಕೋಟಿಂಗ್ ಆದ ಮೇಲೆ ಬಿರುಕು ಮುಚ್ಚಿಹೋಗುತ್ತದೆ, ಗುಣವಾಗುವುದಿಲ್ಲ.

ಬಿರುಕು ಕಂಡರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಕಾರಿನ ಅಲಾಯ್ ವೀಲ್‌ಗಳಲ್ಲಿ ಹೆಚ್ಚಿನವು ಎ356 ಎಂಬ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದವು. ಎರಕ ಹೊಯ್ದ ಮೇಲೆ ಅವನ್ನು ಸುಮಾರು 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ 155 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು ಹದಗೊಳಿಸಿರುತ್ತಾರೆ. ವೀಲ್‌ನ ಬಲವಿರುವುದು ಆ ಹದದಲ್ಲಿ. ವೆಲ್ಡಿಂಗ್ ಮಾಡಿದ ಗೆರೆಯ ಎರಡೂ ಪಕ್ಕದ ಲೋಹ ಆ ಹದವನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಅದನ್ನು ಮರಳಿ ತರಬೇಕಾದರೆ ಇಡೀ ವೀಲನ್ನು ಕಾರ್ಖಾನೆಯ ರೀತಿಯಲ್ಲಿಯೇ ಮತ್ತೆ ಕಾಯಿಸಿ ಅದ್ದಬೇಕು, ಅದು ನಮ್ಮ ಅಂಗಡಿಗಳ ಮಟ್ಟದ ಕೆಲಸವಲ್ಲ. ಹಾಗಾಗಿ ಬಿರುಕು ಬಿಟ್ಟ ವೀಲ್ ಗುಜರಿಗೆ ಹೋಗಬೇಕಾದದ್ದೇ.

ಬರೀ ಬಾಗಿದ್ದರೆ ಮಾತು ಬೇರೆ. ಒಳ ಅಂಚು ಒಂದು ಕಡೆ ಸ್ವಲ್ಪ ಮಡಚಿದ್ದರೆ ಹೈಡ್ರಾಲಿಕ್ ಜ್ಯಾಕ್ ಇರುವ ಯಂತ್ರದ ಮೇಲೆ ಕೂರಿಸಿ, ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ) ಹಿಡಿದು ನಿಧಾನವಾಗಿ ಒತ್ತಿ ಸರಿಪಡಿಸಬಹುದು. ಕೆಲಸ ಮುಗಿದ ಮೇಲೆ ವೀಲ್ ತಿರುಗಿಸಿದಾಗ ಗೇಜಿನ ಮುಳ್ಳು ಒಂದು ಮಿಲಿಮೀಟರಿಗಿಂತ ಹೆಚ್ಚು ಆಡುತ್ತಿದ್ದರೆ ಹಣ ಕೊಡುವ ಮೊದಲೇ ಕೇಳಿ. ಆದರೆ ಗ್ಯಾಸ್ ಬರ್ನರಿನಿಂದ ಕಾಯಿಸಿ ಸುತ್ತಿಗೆಯಿಂದ ಬಡಿಯುವ ಕಡೆ ವೀಲ್ ಬಿಟ್ಟು ಬರಬೇಡಿ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಹಗಲ ಬೆಳಕಿನಲ್ಲಿ ಬಣ್ಣವನ್ನೇ ತೋರಿಸದೆ ಈ ಮಿಶ್ರಲೋಹದಲ್ಲಿ ಸುಮಾರು 560 ಡಿಗ್ರಿಯ ಹೊತ್ತಿಗೆ ಕರಗಲು ಶುರುಮಾಡುತ್ತದೆ. ಎಷ್ಟು ಕಾಯಿತು ಎಂಬುದನ್ನು ಕಣ್ಣಳತೆಯಲ್ಲಿ ಹೇಳಬಲ್ಲ ಕೆಲಸಗಾರ ಇಲ್ಲ.

ಎಡ ಹಿಂದಿನದು ಬರೀ ಗೀಚು. ಗೀಚು ಆಳವಿಲ್ಲದಿದ್ದರೆ ಅದು ಕೇವಲ ಅಂದದ ಮಾತು, ಇಂದೇ ಮಾಡಿಸಬೇಕೆಂಬ ಅವಸರವಿಲ್ಲ. ಬಲ ಹಿಂದಿನದು ಹಾಗಲ್ಲ. ಡೈಮಂಡ್ ಕಟ್ ಎಂದರೆ ಲೇತ್‌ನಲ್ಲಿ ಮುಖವನ್ನು ತೆಳುವಾಗಿ ಹೆರೆದು ಬರಿಯ ಲೋಹವನ್ನು ಹೊಳೆಯಿಸಿ, ಮೇಲೆ ಪಾರದರ್ಶಕ ಲೇಪ ಕೊಟ್ಟಿರುತ್ತಾರೆ. ಆ ಲೇಪ ಒಂದು ಕಡೆ ಒಡೆದರೂ ನೀರು ಒಳಗೆ ನುಗ್ಗಿ ಲೋಹ ತಿನ್ನುತ್ತಾ ಹೋಗುತ್ತದೆ. ನೀವು ಹೇಳಿದ ಬಿಳಿ ಎಳೆಗಳು ಅವೇ. ಮೇಲಿಂದ ಪಾಲಿಶ್ ಹಚ್ಚಿದರೆ ಅವು ಹೋಗುವುದಿಲ್ಲ. ಲೇಪವನ್ನು ಪೂರ್ತಿ ತೆಗೆಯಲೇಬೇಕು. ಮತ್ತೆ ಡೈಮಂಡ್ ಕಟ್ ಮಾಡಿಸಬಹುದು, ಆದರೆ ಪ್ರತಿ ಸಲವೂ ಮುಖದ ಲೋಹ ಸ್ವಲ್ಪ ಸವೆಯುತ್ತದೆ, ಮೇಲಿನ ಲೇಪವೂ ಮೊದಲಿನಷ್ಟೇ ನಾಜೂಕು. ವರ್ಷಕ್ಕೆರಡು ಸಲ ಅರಬೈಲ್ ಘಾಟಿ ಇಳಿದು ಕಾರವಾರದ ಉಪ್ಪುಗಾಳಿಯಲ್ಲಿ ಕಾರು ನಿಲ್ಲಿಸುವವರಿಗೆ ಅದು ಬಾಳುವ ವಸ್ತುವಲ್ಲ. ನನ್ನನ್ನು ಕೇಳಿದರೆ ಈ ಎರಡಕ್ಕೂ ಒಂದೇ ಬಣ್ಣದ ಬೆಳ್ಳಿಯ ಪೌಡರ್ ಕೋಟಿಂಗ್ ಸಾಕು.

ಕೋಟಿಂಗ್ ಮಾಡುವವರನ್ನು ಓವನ್‌ನ ಶಾಖ ಎಷ್ಟೆಂದು ಕೇಳಿ. ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬೇಯಿಸುತ್ತಾರೆ. ವೀಲ್ ಹದಗೊಂಡ ಶಾಖಕ್ಕಿಂತ ಇದು ಹೆಚ್ಚೇ ಆದ್ದರಿಂದ, ಬಣ್ಣ ಸರಿಬರಲಿಲ್ಲವೆಂದು ಅದೇ ವೀಲನ್ನು ಮತ್ತೆ ಮತ್ತೆ ಬೇಯಿಸುವುದು ಒಳ್ಳೆಯದಲ್ಲ. ಶಾಖ ತೋರಿಸುವ ಮೀಟರೇ ಇಲ್ಲದ ಓವನ್ ಆಗಿದ್ದರೆ ಬೇರೆ ಅಂಗಡಿ ನೋಡಿ.

ವಿಮೆ_ಧಾರವಾಡ

ವಿಮೆಯ ಲೆಕ್ಕವನ್ನಷ್ಟೇ ಹೇಳುತ್ತೇನೆ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಐದರಿಂದ ಹತ್ತು ವರ್ಷದೊಳಗಿನ ಕಾರಿನ ಲೋಹದ ಭಾಗಗಳಿಗೆ ಶೇಕಡಾ 40 ಸವಕಳಿ ಕಳೆಯುತ್ತಾರೆ. 1500 ಸಿಸಿಯವರೆಗಿನ ಕಾರಿಗೆ ಕಡ್ಡಾಯವಾಗಿ 1,000 ರೂಪಾಯಿ ನೀವೇ ಭರಿಸಬೇಕು. ಎಂಟು ಸಾವಿರದ ವೀಲ್‌ಗೆ 3,200 ಸವಕಳಿ ಹೋಗಿ 4,800, ಅದರಲ್ಲಿ ಒಂದು ಸಾವಿರ ಹೋದರೆ ಕೈಗೆ ಬರುವುದು 3,800. ಇದಕ್ಕಾಗಿ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಬಿಟ್ಟುಕೊಡಬೇಕಾಗುತ್ತದೆ. ಸತತವಾಗಿ ಐದು ವರ್ಷ ಕ್ಲೈಮ್ ಮಾಡದವರಿಗೆ ಅದು ಸ್ವಂತ ಹಾನಿಯ ಪ್ರೀಮಿಯಮ್ಮಿನ ಶೇಕಡಾ 50ರಷ್ಟಿರುತ್ತದೆ, ಒಮ್ಮೆ ಕ್ಲೈಮ್ ಮಾಡಿದರೆ ಮತ್ತೆ ಸೊನ್ನೆಯಿಂದ 20, 25, 35 ಎಂದು ಹತ್ತಬೇಕು. ಆದ್ದರಿಂದ ಒಂದೇ ವೀಲ್‌ಗಾಗಿ ಕ್ಲೈಮ್ ಮಾಡುವುದು ಹೆಚ್ಚಿನವರಿಗೆ ನಷ್ಟದ ಬಾಬತ್ತು. ಟೈರು ಮತ್ತು ರಿಮ್ ರಕ್ಷಣೆಯ ಹೆಚ್ಚುವರಿ ಕವರ್ ಪಡೆದಿದ್ದರೆ ಮಾತ್ರ ಪಾಲಿಸಿ ತೆಗೆದು ಅದರ ಷರತ್ತುಗಳನ್ನು ಓದಿ. ಗೀಚು, ಲೇಪ ಏಳುವುದು, ಇವು ಸವೆತದ ಲೆಕ್ಕಕ್ಕೆ ಬರುತ್ತವೆ, ಕೇಳಿ ಪ್ರಯೋಜನವಿಲ್ಲ.

ಗದಗ_ಬೆಟಗೇರಿ

ಟರ್ನರ್ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. 16 ಇಂಚಿನ ಸಲಹೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 185/65 ಆರ್15 ಟೈರಿನ ಪಕ್ಕದ ಗೋಡೆಯ ಎತ್ತರ ಸುಮಾರು 120 ಮಿಲಿಮೀಟರ್. 16 ಇಂಚಿಗೆ ಹೋದರೆ ಸಾಮಾನ್ಯವಾಗಿ ಹಾಕುವ 195/55 ಆರ್16ರಲ್ಲಿ ಅದು 107ಕ್ಕೆ ಇಳಿಯುತ್ತದೆ. ಹೊರಸುತ್ತಳತೆ ಎರಡರದ್ದೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸ್ಪೀಡೋಮೀಟರಿಗೆ ತೊಂದರೆಯಿಲ್ಲ, ಆದರೆ ತಗ್ಗಿಗೂ ರಿಮ್ಮಿಗೂ ನಡುವೆ ಇರುವ ರಬ್ಬರು 13 ಮಿಲಿಮೀಟರ್ ಕಡಿಮೆಯಾಯಿತು. ನಮ್ಮದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವುದರಿಂದ ಒಳ್ಳೆಯ ಡಾಂಬರು ರಸ್ತೆಯೂ ಅಲೆಅಲೆಯಾಗಿ ಕುಸಿಯುತ್ತದೆ. ಇಂತಹ ಕಡೆ ರಿಮ್ ಬಾಗಿತೆಂದು ಇನ್ನೂ ತೆಳ್ಳಗಿನ ಟೈರಿಗೆ ಹೋಗುವುದು ನನಗಂತೂ ಅರ್ಥವಾಗದ ವ್ಯವಹಾರ. ಮೇಲಾಗಿ ನಾಲ್ಕು ಹೊಸ ಟೈರುಗಳ ಖರ್ಚು ಬೇರೆ.

ಹೊಸ ಅಲಾಯ್ ಕೊಳ್ಳುವುದಾದರೆ ನಿಮ್ಮ ಕಾರಿಗೆ ನಾಲ್ಕು ಬೋಲ್ಟಿನ 100 ಮಿಲಿಮೀಟರ್ ಪಿಸಿಡಿ (ಬೋಲ್ಟಿನ ರಂಧ್ರಗಳ ಮಧ್ಯಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ) ಬೇಕು, ಮಧ್ಯದ ರಂಧ್ರ 54.1 ಮಿಲಿಮೀಟರ್. ಕಂಪನಿಯದ್ದಲ್ಲದ, ಹೊರಗೆ ಮಾರುವ ವೀಲ್‌ಗಳಲ್ಲಿ ಈ ರಂಧ್ರ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಅಳತೆಗೆ ಸರಿಯಾದ ಹಬ್ ರಿಂಗ್ (ವೀಲ್ ಕೂರುವ ಹಬ್‌ಗೂ ಆ ರಂಧ್ರಕ್ಕೂ ನಡುವಿನ ಸಂದು ತುಂಬುವ ಉಂಗುರ) ಹಾಕದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದೆ ಇರಬಹುದು. ಒಳಬದಿಯಲ್ಲಿ ಐಎಸ್‌ಐ ಗುರುತು, ಐಎಸ್ 16192 ಎಂಬ ಸಂಖ್ಯೆ ಇದೆಯೇ ನೋಡಿ. ಗುಜರಿಯಲ್ಲಿ ಕಂಪನಿಯ ಹಳೆಯ ವೀಲ್ ಅಗ್ಗಕ್ಕೆ ಸಿಕ್ಕರೂ, ಅದರ ಮೇಲೆ ಹೊಸ ಬಣ್ಣ ಮಿರುಗುತ್ತಿದ್ದರೆ ನಾನು ಕೊಳ್ಳುವುದಿಲ್ಲ. ಹಳೆಯ ಬಣ್ಣದ್ದಾದರೆ ಒಳಗೇನಿದೆ ಎಂಬುದಾದರೂ ಕಾಣುತ್ತದೆ.

ನವನಗರ_ಸ್ವಿಫ್ಟ್ (ಹುಬ್ಬಳ್ಳಿ)

ಎಲ್ಲರಿಗೂ ಧನ್ಯವಾದಗಳು. ಗೋಕುಲ ರಸ್ತೆಯ ಟೈರ್ ಅಂಗಡಿಯೊಂದರಲ್ಲಿ ಎಡ ಮುಂದಿನ ಟೈರು ಬಿಚ್ಚಿಸಿ, ಸೀಮೆಎಣ್ಣೆ ಸಿಗದ ಕಾರಣ ಡೀಸೆಲ್ ಹಚ್ಚಿಯೇ ಪರೀಕ್ಷಿಸಿದೆವು. ಬಾಗಿದ ಜಾಗದ ನಡುವೆ, ಅಂಚಿನಿಂದ ಒಳಕ್ಕೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಗೆರೆ ಸ್ಪಷ್ಟವಾಗಿ ಮೂಡಿತು. ಟೈರಿನ ಒಳಭಾಗಕ್ಕೆ ಪೆಟ್ಟಾಗಿಲ್ಲ, ಪಕ್ಕದಲ್ಲಿ ಉಬ್ಬೂ ಇಲ್ಲ. ವಿಮೆಯ ಆಲೋಚನೆಯನ್ನು ಕೈಬಿಟ್ಟಿದ್ದೇನೆ.

ಈಗ ಉಳಿದಿರುವುದು ಒಂದೇ ತೊಡಕು. ಕಂಪನಿಯ ಹೊಸ ವೀಲ್ ಡೈಮಂಡ್ ಕಟ್ ಆಗಿ ಬರುತ್ತದೆ. ಉಳಿದವನ್ನು ಬೆಳ್ಳಿಯ ಬಣ್ಣಕ್ಕೆ ತಿರುಗಿಸಿದರೆ ಇದೊಂದು ಬೇರೆಯಾಗಿ ಕಾಣುತ್ತದೆ. ಹೊಸದಕ್ಕೂ ಬಣ್ಣ ಹಾಕಿಸಬೇಕೇ? ಚೆನ್ನಾಗಿರುವ ಬಲ ಮುಂದಿನದನ್ನೂ ಸೇರಿಸಿ ಎಲ್ಲವನ್ನೂ ಒಂದೇ ರೀತಿ ಮಾಡಿಸಬೇಕೇ?

ಟರ್ನರ್_ತಾರಿಹಾಳ

ಬೇಡ ಸರ್. ಕಾರಿನ ಎರಡು ಮಗ್ಗುಲನ್ನು ಒಟ್ಟಿಗೆ ನೋಡುವವರು ಯಾರೂ ಇಲ್ಲ. ಹೊಸ ವೀಲನ್ನೂ ಚೆನ್ನಾಗಿರುವ ಈಗಿನ ಬಲ ಮುಂದಿನದನ್ನೂ ಬಲಭಾಗಕ್ಕೆ ಹಾಕಿಸಿ. ಎರಡೂ ಡೈಮಂಡ್ ಕಟ್. ಗೀಚಿದ್ದು ಮತ್ತು ಲೇಪ ಎದ್ದದ್ದು, ಇವೆರಡಕ್ಕೂ ಒಂದೇ ದಿನ ಒಂದೇ ಪುಡಿಯಲ್ಲಿ ಕೋಟಿಂಗ್ ಮಾಡಿಸಿ ಎಡಭಾಗಕ್ಕೆ ಹಾಕಿಸಿ. ನಿಮಗೆ ಹೇಳಿದ ದರದಲ್ಲೇ ಹಿಡಿದರೂ ವೀಲ್‌ಗೆ ಎಂಟು, ಕೋಟಿಂಗಿಗೆ ಆರು, ಒಟ್ಟು ಹದಿನಾಲ್ಕು ಸಾವಿರದಲ್ಲಿ ಮುಗಿಯುತ್ತದೆ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ, ಮಗ್ಗುಲು ಬದಲಾದ ವೀಲ್‌ನಲ್ಲಿ ಟೈರನ್ನು ತಿರುಗಿಸಿ ಹಾಕಿಸಬೇಕು. ಮುಂದೆ ಟೈರು ಅದಲುಬದಲು ಮಾಡುವಾಗಲೂ ಆಯಾ ಮಗ್ಗುಲಿನಲ್ಲಿಯೇ ಹಿಂದು ಮುಂದು ಮಾಡಿಸಿ.

ಬಿರುಕು ಬಿಟ್ಟ ವೀಲನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ. ಗುಜರಿಗೆ ಹಾಕುವ ಮೊದಲು ಅದರ ಅಂಚನ್ನು ಗ್ರೈಂಡರಿನಿಂದ ಒಂದೆಡೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಯಾರೋ ವೆಲ್ಡ್ ಮಾಡಿ ಬಣ್ಣ ಹಾಕಿ ಇನ್ನೊಬ್ಬರಿಗೆ ಮಾರುತ್ತಾರೆ.

ಕೋಟಿಂಗಿಗೆ ಕೊಡುವಾಗ ನಟ್ಟು ಕೂರುವ ಇಳಿಜಾರಿನ ಕುಣಿಗಳನ್ನೂ, ಹಬ್‌ಗೆ ತಾಗುವ ಹಿಂಭಾಗದ ಚಪ್ಪಟೆ ಜಾಗವನ್ನೂ ಮುಚ್ಚಿ ಪುಡಿ ಹೊಡೆಯಲು ಹೇಳಿ. ಅಲ್ಲಿ ದಪ್ಪ ಲೇಪ ಕುಳಿತರೆ ಓಡಾಟದಲ್ಲಿ ಅದು ಒತ್ತಿ ಸವೆದು ನಟ್ಟು ಸಡಿಲಾಗುತ್ತದೆ. ಹಾಕಿಸಿದ ದಿನ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಎರಡನ್ನೂ ಮಾಡಿಸಿ, ಧಾರವಾಡಕ್ಕೆ ಒಮ್ಮೆ ಹೋಗಿ ಬಂದ ಮೇಲೆ ಟಾರ್ಕ್ ರೆಂಚಿನಿಂದ ಮ್ಯಾನುಯಲ್‌ನಲ್ಲಿರುವ ಅಳತೆಗೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಅಷ್ಟಾದ ಮೇಲೂ ನಡುಕ ಸ್ಟೀರಿಂಗಿನಲ್ಲಿ ಉಳಿದರೆ ಮುಂದಿನ ಗಾಲಿಗಳನ್ನು, ಸೀಟಿನಲ್ಲಿ ಉಳಿದರೆ ಹಿಂದಿನವನ್ನು ಮತ್ತೆ ನೋಡಿಸಿ.